ಹಿಂಭಾರದ ಜೀಪು

ನನ್ನ ತಂಗಿಯ ಮಣಿಕಟ್ಟುಗಳು ಬಿಗಿಯುತ್ತಿವೆ, ಅವು ಮತ್ತೆ ಸಡಿಲವಾಗುವುದಿಲ್ಲ ಎಂದು ಕೋಲಾರದ ವೈದ್ಯರು ಹೇಳಿದ ದಿನವೇ ಅವಳು ಮರುಭೂಮಿಗೆ ಹೋಗುವುದನ್ನು ನಿಶ್ಚಯಿಸಿದಳು. ಕುಡಿಯುವ ನೀರಿನ ಫ್ಲೋರೈಡ್ ಮೂಳೆಗೆ ಇಳಿದಿದೆ, ಮೊದಲು ಮಣಿಕಟ್ಟು, ಮೊಣಕೈ, ಆಮೇಲೆ ಬೆನ್ನು, ಕತ್ತು ಎಂದು ಅವರು ಸಾವಧಾನವಾಗಿ ವಿವರಿಸಿದರು. ತಂಗಿ ಅದೆಲ್ಲವನ್ನೂ ಪಕ್ಕಕ್ಕಿಟ್ಟು ಒಂದೇ ಪ್ರಶ್ನೆ ಕೇಳಿದಳು.

"ಸ್ಟೇರಿಂಗ್ ಇನ್ನೆಷ್ಟು ದಿನ ಹಿಡೀಬಹುದು ಡಾಕ್ಟ್ರೇ?"

"ಈ ಚಳಿಗಾಲ ಹಿಡೀಬಹುದಮ್ಮ. ಮುಂದಿನ ಚಳಿಗಾಲಕ್ಕೆ ನಾನು ಮಾತು ಕೊಡಲ್ಲ."

ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಚಪ್ಪಲಿ ಮೆಟ್ಟುತ್ತಾ ಅವಳು ಅಂದಳು: "ಹಂಗಾದ್ರೆ ಈ ಚಳಿಗಾಲಾನೇ. ನೀನು ದಾರಿ ನೋಡು ಅಕ್ಕ."

ತಂಗಿಯ ಬಳಿ ಒಂದು ಹಳೆಯ ಜೀಪಿದೆ. ಗೌನಿಪಲ್ಲಿ ಸೀಮೆಯ ನಮ್ಮ ಊರಿನಲ್ಲಿ, ಲಾರಿ ಹೋಗದ ಹೊಲಗಳಿಂದ ಟೊಮೆಟೊ ಕ್ರೇಟುಗಳನ್ನು ರಸ್ತೆಗೆ ಸಾಗಿಸಲು ಮನೆಯವರು ಅದನ್ನು ಇಟ್ಟುಕೊಂಡಿದ್ದರು. ಕಲ್ಲುಬಂಡೆಗಳ ಮೇಲೆ, ಮಳೆ ಕೊರೆದ ಕೊರಕಲಿನಲ್ಲಿ, ಮಾವಿನ ತೋಪುಗಳ ನಡುವಿನ ಏರುಪೇರಿನಲ್ಲಿ ಒಂದು ಕ್ರೇಟೂ ಚೆಲ್ಲದಂತೆ ಅದನ್ನು ನಡೆಸುವುದನ್ನು ಅವಳು ಒಬ್ಬಳೇ ಕಲಿತಳು. ಯಾರೋ ಅದನ್ನು ಫೋನಿನಲ್ಲಿ ಚಿತ್ರೀಕರಿಸಿ ಹರಿಯಬಿಟ್ಟರು. ಅದನ್ನು ನೋಡಿದ ಕೆಲವು ಹವ್ಯಾಸಿಗಳು, ಪ್ರತಿ ಚಳಿಗಾಲದಲ್ಲಿ ಜೈಸಲ್ಮೇರಿನ ಆಚೆ ಮರಳುದಿಬ್ಬಗಳಲ್ಲಿ ಜೀಪು ಓಡಿಸಲು ಸೇರುವವರು, ಅವಳನ್ನೂ ಕರೆದರು. ಮೂರು ವರ್ಷ ಕರೆದರು. ಒಮ್ಮೆ ಕೊಯ್ಲು ಅಡ್ಡ ಬಂತು, ಒಮ್ಮೆ ಅತ್ತೆಯ ತಿಥಿ, ಒಮ್ಮೆ ಹೆಂಗಸು ಅಷ್ಟು ದೂರ ಹೋಗುವುದೇ ಎಂಬ ಊರಿನ ಮಾತು. ಈ ಮೂರೂ ಅಡ್ಡಿಗಳಲ್ಲಿ ಕೊನೆಯದನ್ನು ಮಾತ್ರ ನಾನು ಅನ್ಯಾಯವೆಂದು ಕರೆಯುತ್ತಿದ್ದೆ. ಈಗ ಮೂರೂ ಒಂದೇ ಜಾತಿಯವೆಂದು ತೋರುತ್ತವೆ.

ಅನ್ಯಾಯವೆಂಬ ಪದವನ್ನು ನಾನು ಬಹಳ ಬಳಸುತ್ತೇನೆಂದು ಮನೆಯವರ ದೂರು. ನಾನು ಕಲಿತ ಶಾಲೆ ಹಾಗಿತ್ತು. ಬೆತ್ತವಿಲ್ಲದ, ಅಂಕಪಟ್ಟಿಯಿಲ್ಲದ ಆ ಶಾಲೆ ದೂರದ ಒಂದು ಗುಡ್ಡದ ಮೇಲಿತ್ತು. ನಮ್ಮಂಥ ಬೇಸಾಯದ ಮನೆಯ ಕೆಲವು ಮಕ್ಕಳಿಗೆ ಉಚಿತವಾಗಿ ಜಾಗ ಕೊಟ್ಟು, ಕಂಡ ತಪ್ಪನ್ನು ಹೆಸರಿಟ್ಟು ಕರೆಯಿರಿ ಎಂದು ಕಲಿಸಿತು. ಅಲ್ಲಿ ನಾವು ಛಾವಣಿಯ ಮಳೆನೀರು ಕುಡಿಯುತ್ತಿದ್ದೆವು. ಅದೇ ವರ್ಷಗಳಲ್ಲಿ ನನ್ನ ತಂಗಿ ಊರಿನಲ್ಲಿ ಉಳಿದು, ಕೆರೆ ಬತ್ತಿದ ಮೇಲೆ ಆಳಕ್ಕೆ, ಇನ್ನೂ ಆಳಕ್ಕೆ ಕೊರೆದ ಕೊಳವೆಬಾವಿಯ ನೀರು ಕುಡಿದಳು. ಒಂದೇ ತಾಯಿಯ ಮಕ್ಕಳು, ಎರಡು ನೀರು. ಇದನ್ನು ಹಣೆಬರಹವೆಂದು ಕರೆಯಲು ನಾನು ಒಪ್ಪುವುದಿಲ್ಲ. ಕೆರೆಯ ಹೂಳೆತ್ತದವರು, ನೀರನ್ನು ಪರೀಕ್ಷಿಸಿಯೂ ಬಾವಿಗೆ ಬೀಗ ಹಾಕದವರು, ಶುದ್ಧ ನೀರಿನ ಘಟಕ ಕೆಟ್ಟು ನಿಂತರೂ ತಿರುಗಿ ನೋಡದವರು, ಇವರೆಲ್ಲರ ಕೈವಾಡ ನನ್ನ ತಂಗಿಯ ಮಣಿಕಟ್ಟಿನಲ್ಲಿದೆ. ಇಪ್ಪತ್ತು ವರ್ಷಗಳಿಂದ ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ನಾನು ಇದನ್ನೇ ಹೇಳುತ್ತಾ ತಿರುಗಿದ್ದೇನೆ. ಹೇಳಿದ್ದರಿಂದ ಅವಳ ಒಂದು ಬೆರಳೂ ಮೆತ್ತಗಾಗಲಿಲ್ಲ.

ಆದ್ದರಿಂದ ದಾರಿ ನೋಡು ಎಂದು ಅವಳು ಹೇಳಿದಾಗ, ಮುಳುಗುವವರು ಹಗ್ಗ ಹಿಡಿಯುವಂತೆ ನಾನು ಆ ಕೆಲಸವನ್ನು ಹಿಡಿದೆ.

ಅಷ್ಟು ದೂರವನ್ನು ಜೀಪಿನಲ್ಲೇ ಕ್ರಮಿಸುವುದು ಸಾಧ್ಯವಿರಲಿಲ್ಲ. ಅದರ ಸೀಟು ಹಲಗೆಯಂಥದು. ಅವಳ ಕೈಗಳಲ್ಲಿ ಉಳಿದಿದ್ದ ಬಲವೆಲ್ಲ ಹೆದ್ದಾರಿಯಲ್ಲೇ ಮುಗಿದುಹೋಗುತ್ತಿತ್ತು. ಜೀಪನ್ನು ಟ್ರೇಲರ್ ಮೇಲೆ ಹೇರಿ, ಟೊಮೆಟೊ ಸಾಗಿಸುವ ಪಿಕಪ್ ಗಾಡಿಯ ಹಿಂದೆ ಕಟ್ಟಿ ಎಳೆಯುವುದು, ಪಿಕಪ್ಪನ್ನು ತಂಗಿಯ ಗಂಡ ಓಡಿಸುವುದು, ಅವಳು ಪಕ್ಕದಲ್ಲಿ ಕೈ ಮಡಚಿ ಕೂರುವುದು ಎಂದಾಯಿತು. ಕೋಲಾರ, ತುಮಕೂರು, ಹುಬ್ಬಳ್ಳಿ, ಪುಣೆ, ಗುಜರಾತು ಎಂದು ನಾನು ನಕ್ಷೆ ಹಾಕಿದೆ. ಎಲ್ಲಿ ತಂಗುವುದು, ಎಲ್ಲಿ ಹೆಂಗಸರಿಗೆ ಶೌಚಾಲಯ ಸಿಗುತ್ತದೆ, ಎಲ್ಲಿ ಸಿಗುವುದೇ ಇಲ್ಲ ಎಂಬುದನ್ನೆಲ್ಲ ವಿಚಾರಿಸಿ, ಒಂದು ಸಂಜೆ ಜಗಲಿಯ ಮೇಲೆ ಕುಳಿತು ಓದಿ ಹೇಳಿದೆ.

ತಂಗಿಯ ಗಂಡ ಕೊನೆಯವರೆಗೂ ಕೇಳಿ, "ಅತ್ತಿಗೆ, ನಿಮ್ ಪ್ಲಾನಲ್ಲಿ ಊಟಕ್ಕಿಂತ ಅನ್ಯಾಯಗಳೇ ಜಾಸ್ತಿ ಐತಲ್ಲ. ಮಧ್ಯಾಹ್ನ ಎಲ್ಲಾದ್ರೂ ನಿಲ್ಲಿಸ್ತೀರೋ ಇಲ್ವೋ?" ಎಂದ.

ಅಮ್ಮನಿಗೆ ನಗು ಬರಲಿಲ್ಲ. ಹುಣಸೆ ಬಿಡಿಸುತ್ತಿದ್ದವಳು ತಂಗಿಯನ್ನೇ ನೋಡಿ, "ಇದೇಂ ಪಿಚ್ಚಿನೇ, ಹುಚ್ಚೇನೇ ನಿಂಗೆ! ಕೈ ನೋಯ್ತದೆ ಅಂತೀಯ, ಮರಳಾಗೆ ಗಾಡಿ ಓಡಿಸ್ತೀನಿ ಅಂತೀಯ. ನಮ್ಮೂರಾಗೆ ಇಲ್ದಿರೋ ಮರಳು ಅಲ್ಲೇನೈತೆ?" ಎಂದಳು.

"ನಮ್ಮೂರ ಮರಳೆಲ್ಲ ಲಾರಿ ಹತ್ಕೊಂಡು ಹೋಯ್ತಲ್ಲಮ್ಮ. ಅದಕ್ಕೇ ಅಷ್ಟು ದೂರ ಹೋಗ್ಬೇಕು."

ಟ್ರೇಲರನ್ನು ಮಾಲೂರಿನಲ್ಲಿ, ಇಟ್ಟಿಗೆ ಗೂಡುಗಳಿಗೆ ಗಾಡಿ ಮಾಡಿಕೊಡುವ ಒಂದು ಶೆಡ್ಡಿನಲ್ಲಿ ಕಟ್ಟಿಸಿದೆವು. ಒಂದೇ ಅಚ್ಚು, ಎರಡು ಚಕ್ರ, ಜೀಪು ಹಿಡಿಯುವಷ್ಟೇ ಉದ್ದ. ಶೆಡ್ಡಿನ ಯಜಮಾನ ನಮ್ಮಿಬ್ಬರನ್ನು ನೋಡಿ, ಗಂಡಸರು ಯಾರಾದರೂ ಬಂದರೆ ಅಳತೆ ಮಾತಾಡೋಣ ಎಂದ. ಇದರಲ್ಲಿ ಏನು ತಪ್ಪಿದೆ ಎಂಬುದನ್ನು ನಾನು ಅವನಿಗೆ ಬಿಡಿಸಿ ಹೇಳತೊಡಗಿದ್ದೆ. ಅಷ್ಟರಲ್ಲಿ ತಂಗಿ ಅವನ ಕೈಯಿಂದ ಟೇಪು ಕಿತ್ತುಕೊಂಡು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಮುಗಿಸಿದ್ದಳು.

ಜೀಪನ್ನು ಹೇರಿದ್ದು ತಂಗಿಯ ಗಂಡ. ಅವನ ಅಪ್ಪನದು ಎತ್ತಿನಗಾಡಿಯ ಕಾಲ. ಗಾಡಿ ತುಂಬುವ ವಿದ್ಯೆಯನ್ನು ಅಪ್ಪನಿಂದಲೇ ಕಲಿತವನು. ಗಾಡಿಗೆ ಹೊರೆ ಹೇರುವಾಗ ಮುಂಭಾರವಾಗಬಾರದು, ನೊಗ ಎತ್ತಿನ ಹೆಗಲ ಮೇಲೆ ಹೂವಿನ ಹಾಗೆ ಕೂರಬೇಕು, ಮುಂಭಾರ ಹೇರಿದವನಿಗೆ ಎತ್ತಿನ ಶಾಪ ತಟ್ಟುತ್ತದೆ ಎಂಬುದು ನಮ್ಮ ಕಡೆ ಯಾರೂ ಪ್ರಶ್ನಿಸದ ಮಾತು. ಟ್ರಾಕ್ಟರ್ ಬಂದ ಮೇಲೂ ಆ ಮಾತು ಹೋಗಲಿಲ್ಲ. ಎಳೆಯುವ ಗಾಡಿಗೆ ಸಿಕ್ಕಿಸುವ ಕೊಂಡಿಯನ್ನು ಒಂದೇ ಕೈಯಲ್ಲಿ ಎತ್ತುವಂತೆ ಹೇರಿದವನನ್ನು ಈಗಲೂ ಜಾಣನೆನ್ನುತ್ತಾರೆ. ಅವನೂ ಹಾಗೆಯೇ ಮಾಡಿದ. ಇಂಜಿನ್ನಿನ ಭಾರವೆಲ್ಲ ಹಿಂದೆ ಬೀಳುವಂತೆ ಜೀಪನ್ನು ಹಿಮ್ಮುಖವಾಗಿ ಟ್ರೇಲರ್ ಹತ್ತಿಸಿ, ಮೂತಿ ಹೊರಗೆ ಮಾಡಿ ನಿಲ್ಲಿಸಿದ. ಕೊಂಡಿಯನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದ.

"ನೋಡಿ ಅತ್ತಿಗೆ, ಹೂವು!"

ಅಮ್ಮ ತಲೆದೂಗಿದಳು. ನನಗೂ ಹೆಮ್ಮೆಯಾಯಿತು. ಎಳೆಯುವ ಜೀವಕ್ಕೆ ನೋವಾಗಬಾರದೆಂಬ ಕರುಣೆ ಒಂದು ಕಬ್ಬಿಣದ ಕೊಂಡಿಯವರೆಗೂ ಉಳಿದುಬಂದಿದೆಯಲ್ಲ ಎಂದು.

ಪ್ರಯಾಣ ಸಂಕ್ರಾಂತಿಯ ಮರುದಿನ ಎಂದಿತ್ತು. ಅದಕ್ಕೆ ಎರಡು ವಾರ ಮುಂಚೆ, ಹೆದ್ದಾರಿಯಲ್ಲಿ ಒಮ್ಮೆ ಎಳೆದು ನೋಡೋಣವೆಂದು ಮುಳಬಾಗಿಲು ದಾಟಿ ನಂಗಲಿಯ ಕಡೆ ಹೊರಟೆವು. ತಂಗಿ ಕಿಟಕಿಯ ಪಕ್ಕ, ನಾನು ನಡುವೆ. ಆಂಧ್ರದಿಂದ ಬರುವ ಲಾರಿಗಳು ಎದುರು ಬದಿಯಲ್ಲಿ ಸಾಲುಗಟ್ಟಿದ್ದವು. ಸ್ವಲ್ಪ ದೂರ ಎಲ್ಲವೂ ಸುಗಮವಾಗಿತ್ತು. ಇಳಿಜಾರು ಶುರುವಾಗಿ ವೇಗ ಏರಿದಾಗ, ಹಿಂದಿನಿಂದ ಯಾರೋ ಸೆರಗು ಜಗ್ಗಿದಂತೆ ಗಾಡಿ ಒಮ್ಮೆ ಎಡಕ್ಕೆ ಸರಿಯಿತು. ಆಮೇಲೆ ಬಲಕ್ಕೆ. ದೊಡ್ಡ ಲಾರಿಯೊಂದು ನಮ್ಮನ್ನು ಹಿಂದೆ ಹಾಕಿಕೊಂಡು ಹೋದ ಗಾಳಿಗೆ, ಟ್ರೇಲರ್ ತನ್ನದೇ ಮನಸ್ಸಿರುವ ಪ್ರಾಣಿಯಂತೆ ಬಾಲ ಬೀಸತೊಡಗಿತು. ಪಿಕಪ್ಪಿನ ಹಿಂಭಾಗ ನೆಲ ಬಿಟ್ಟು ಎದ್ದಂತೆ ಭಾಸವಾಯಿತು. ತಂಗಿಯ ಗಂಡ ಬ್ರೇಕ್ ತುಳಿದ. ಬೀಸು ಇನ್ನೂ ಹೆಚ್ಚಾಯಿತು. ರಸ್ತೆಯೆಲ್ಲ ಅಡ್ಡಡ್ಡ ಹೊರಳಿತು.

"ಬ್ರೇಕ್ ಬಿಡು! ಬಿಡು ಅಂದ್ನಲ್ಲ! ಎಲ್ಲಾ ಬಿಡು, ಕಾಲು ತೆಗಿ, ಸ್ಟೇರಿಂಗ್ ನೆಟ್ಟಗಿಡು!" ತಂಗಿ ಕಿರುಚಿದಳು.

ಅವನು ಬಿಟ್ಟ. ಗಾಡಿ ತನ್ನಷ್ಟಕ್ಕೆ ನಿಧಾನವಾಗುತ್ತಾ, ಬೀಸು ಸಣ್ಣದಾಗುತ್ತಾ, ಕೊನೆಗೆ ನಂಗಲಿಯ ಹತ್ತಿರ ಒಂದು ಟೀ ಅಂಗಡಿಯ ಮುಂದಿನ ಬಯಲಿನಲ್ಲಿ ನಿಂತಿತು.

ಮೊದಲು ಇಳಿದವಳು ತಂಗಿಯೇ. ಕೊಂಡಿಯ ಹತ್ತಿರ ಬಗ್ಗಿ ನೋಡಿ, ಟ್ರೇಲರಿನ ಬಾಲವನ್ನು ಒತ್ತಿ ನೋಡಿ, "ಎತ್ತಿಗೆ ನೋವಾಗ್ಬಾರ್ದು ಸರಿ. ಆದ್ರೆ ಇದು ಎತ್ತಲ್ಲ ಕಣೋ. ಇದಕ್ಕೆ ಹೆಗಲ ಮೇಲೆ ಭಾರ ಬೇಕು. ಇಲ್ದಿದ್ರೆ ಹಿಂದೆ ಇರೋದೇ ಇದನ್ನ ಆಡ್ಸತ್ತೆ. ಹಿಂಭಾರ ಆಗೈತೆ. ಜೀಪು ಮೂತಿ ಒಳಗೆ ಮಾಡಿ ನಿಲ್ಲಿಸ್ಬೇಕು," ಎಂದಳು.

ಎತ್ತು ನಡೆಯುವ ವೇಗದಲ್ಲಿ ಕರುಣೆಯಾಗಿದ್ದದ್ದು ಹೆದ್ದಾರಿಯ ವೇಗದಲ್ಲಿ ನಮ್ಮನ್ನು ಸಾವಿನ ಹತ್ತಿರ ತಂದಿತ್ತು. ಈ ತಪ್ಪಿಗೆ ಯಾರನ್ನು ಹೊಣೆ ಮಾಡಬೇಕೆಂದು ಹುಡುಕಿದೆ. ಯಾರೂ ಸಿಗಲಿಲ್ಲ.

ಕಬ್ಬಿಣದ ಎರಡು ಹಲಗೆಗಳನ್ನು ಇಳಿಬಿಟ್ಟು, ತಂಗಿ ಜೀಪನ್ನು ಮುಂದಕ್ಕೆ ನಡೆಸಿ ಕೆಳಗಿಳಿಸಿದಳು. ಬಯಲಿನಲ್ಲಿ ಒಂದು ಸುತ್ತು ಹಾಕಿ, ಈ ಸಲ ಮೂತಿ ಮುಂದಾಗಿ ಟ್ರೇಲರ್ ಹತ್ತಿಸಿದಳು. ಕೊಂಡಿ ಪಿಕಪ್ಪಿನ ಮೇಲೆ ಭಾರವಾಗಿ ಕುಳಿತಿತು. ಇಳಿಜಾರಿನಲ್ಲಿ ಮತ್ತೊಮ್ಮೆ ಹೋಗಿ ಬಂದೆವು. ಟ್ರೇಲರ್ ನೆರಳಿನಂತೆ ಹಿಂದೆ ಬಂತು.

ಅಲ್ಲಿಗೇ ನಿಲ್ಲಿಸಬಹುದಿತ್ತು. "ಹಂಗೇ ಇರ್ಲಿ, ಊರಲ್ಲಿ ನಾನು ಇಳಿಸ್ತೀನಿ," ಎಂದು ತಂಗಿಯ ಗಂಡ ಎರಡು ಸಲ ಹೇಳಿದ. ಅವನ ದನಿಯಲ್ಲಿ ಅವಸರವಿತ್ತು. ತಂಗಿ ಕೇಳಲಿಲ್ಲ. ಈಗ ಜೀಪು ಇಳಿಯಬೇಕಾದರೆ ಹಿಮ್ಮುಖವಾಗಿಯೇ ಇಳಿಯಬೇಕು, ಅದನ್ನು ಇಲ್ಲೇ ಒಮ್ಮೆ ಮಾಡಿ ನೋಡುತ್ತೇನೆ ಎಂದು ಹತ್ತಿ ಕುಳಿತಳು.

ಹಿಂದಕ್ಕೆ ನೋಡಲು ಅವಳು ಕತ್ತು ತಿರುಗಿಸಿದಳು. ಕತ್ತು ತಿರುಗಲಿಲ್ಲ. ಗಲ್ಲ ಭುಜದ ಅರ್ಧದವರೆಗೂ ಬರಲಿಲ್ಲ. ಭುಜವನ್ನೂ, ಸೊಂಟವನ್ನೂ, ಇಡೀ ಮೈಯನ್ನೂ ಸೀಟಿನಲ್ಲಿ ಹೊರಳಿಸಿದಳು. ಹಾಗೆ ಹೊರಳಿದಾಗ ಕ್ಲಚ್ಚಿನ ಮೇಲಿನ ಕಾಲು ಜಾರಿತು. ಜೀಪು ಹಿಂದಕ್ಕೆ ಜಿಗಿಯಿತು. ಒಂದು ಚಕ್ರ ಹಲಗೆ ತಪ್ಪಿ ಗಾಳಿಯಲ್ಲಿ ನೇತಾಡಿತು.

ಟೀ ಕುಡಿಯುತ್ತಿದ್ದ ಲಾರಿಯವರು ಓಡಿಬಂದರು. ಎಲ್ಲರೂ ಸೇರಿ ಜೀಪನ್ನು ಎತ್ತಿ ಹಲಗೆಯ ಮೇಲಿಟ್ಟು, ಮತ್ತೆ ಟ್ರೇಲರ್ ಮೇಲಕ್ಕೆ ನೂಕಿದರು. ಅವರಲ್ಲೊಬ್ಬ ಕೈ ಒರೆಸಿಕೊಳ್ಳುತ್ತಾ, "ಏನ್ಲಾ, ಲೇಡೀಸ್ ಕೈಗೆ ಕೊಟ್ಟು ನೀನು ಟೀ ಕುಡೀತಾ ಇದ್ಯಾ?" ಎಂದು ತಂಗಿಯ ಗಂಡನನ್ನು ಛೇಡಿಸಿದ. ನಾನು ಉತ್ತರಕ್ಕೆ ಮೈ ಬಿಗಿಮಾಡಿಕೊಂಡೆ.

"ಸುಮ್ನಿರೇ ಅಕ್ಕ," ಎಂದಳು ತಂಗಿ. "ಅವನು ಅಂದಿದ್ದು ತಪ್ಪು. ಆದ್ರೆ ಚಕ್ರ ತಪ್ಪಿದ್ದೂ ನಿಜ."

ಲಾರಿಯವರು ಹೋದ ಮೇಲೆ ನಾನು ಅವಳ ಗಂಡನನ್ನು ಕೇಳಿದೆ. "ಕತ್ತಿನ ವಿಷಯ ನಿನಗೆ ಗೊತ್ತಿತ್ತಾ?"

ಅವನು ಹಲಗೆಗಳನ್ನು ಎತ್ತಿಡುತ್ತಾ ಉತ್ತರಿಸಿದ. "ದೀಪಾವಳಿಯಿಂದ ಹಿಂಗೇ ಅತ್ತಿಗೆ. ಕರೆದ್ರೆ ಮುಖ ತಿರುಗ್ಸಲ್ಲ, ಆಳೇ ತಿರುಗ್ತಾಳೆ. ಯಾರ್ಗೂ ಹೇಳ್ಬೇಡ ಅಂದ್ಲು. ಮೂತಿ ಹೊರಗೆ ಮಾಡಿ ನಿಲ್ಲಿಸಿದ್ರೆ, ಅಲ್ಲಿ ಮರಳಿಗೆ ಅವಳೇ ಮುಂದಕ್ಕೆ ಇಳಿಸ್ಕೊಂಡು ಹೋಗ್ತಾಳೆ, ಹಿಂದೆ ನೋಡೋ ಕೆಲಸ ಇರಲ್ಲ ಅಂತ... ನೊಗದ ಮಾತೂ ನಿಜಾನೇ. ಇದೂ ನಿಜಾನೇ."

"ಟ್ರೇಲರಿಂದ ನೀನು ಇಳಿಸ್ತೀಯ ಬಿಡು," ತಂಗಿ ಅಂದಳು. "ಕಷ್ಟ ಇರೋದು ಅದಲ್ಲ." ಆಮೇಲೆ ನನ್ನ ಕಡೆ, ಅಂದರೆ ಇಡೀ ಮೈಯನ್ನು ನನ್ನ ಕಡೆ ತಿರುಗಿಸಿ, ತಾನು ಇಷ್ಟು ದಿನ ಒಬ್ಬಳೇ ನುಂಗಿಕೊಂಡಿದ್ದನ್ನು ಹೇಳಿದಳು. ಮರಳುದಿಬ್ಬ ಹತ್ತುವಾಗ ಜೀಪು ಅರ್ಧದಲ್ಲಿ ನಿಂತರೆ, ಬಂದ ಗೆರೆಯಲ್ಲೇ ನೆಟ್ಟಗೆ ಹಿಂದಕ್ಕೆ ಇಳಿಯಬೇಕು. ಸ್ವಲ್ಪ ಅಡ್ಡವಾದರೂ ಉರುಳುತ್ತದೆ. ಅರ್ಧದಲ್ಲಿ ನಿಲ್ಲದವರು ಅಲ್ಲಿ ಯಾರೂ ಇಲ್ಲ. ನಡುಗುವ ಕನ್ನಡಿಯಲ್ಲಿ ಮರಳೆಂದರೆ ಬರಿಯ ಬಿಳುಪು, ಗೆರೆ ಕಾಣುವುದಿಲ್ಲ.

"ಹಂಗಾದ್ರೆ ಬೇಡ," ಅವಳ ಗಂಡ ಅಂದ. "ಮುಗೀತು. ನೀವೇ ಹೇಳಿ ಅತ್ತಿಗೆ, ನಿಮ್ಮ ಮಾತಾದ್ರೆ ಕೇಳ್ತಾಳೆ."

ಹೆಣ್ಣಿನ ಮೈಯ ಬಗ್ಗೆ ಬೇರೆಯವರು ತೀರ್ಮಾನಿಸುವುದರ ವಿರುದ್ಧ ನಾನು ಎಷ್ಟೋ ಸಭೆಗಳಲ್ಲಿ ಮಾತಾಡಿದ್ದೇನೆ. ಅಂದು ನಂಗಲಿಯ ಆ ಬಯಲಿನಲ್ಲಿ, ಆ ಮಾತುಗಳಲ್ಲಿ ಒಂದನ್ನೂ ನಂಬುವ ಧೈರ್ಯ ನನಗಿರಲಿಲ್ಲ. ಬೇಡ ಎಂದರೆ ಅವಳು ಬದುಕುತ್ತಾಳೆ, ಬದುಕಿ ಕಟ್ಟಿಗೆಯಾಗುತ್ತಾಳೆ. ಹೋಗು ಎಂದರೆ, ಎಲ್ಲೋ ಒಂದು ದಿಬ್ಬದ ಕೆಳಗೆ ಜೀಪಿನಡಿ ಅವಳನ್ನು ನಾನೇ ನೂಕಿದಂತೆ. ನೀರು ಕೊಟ್ಟವರು ಈ ಎರಡನ್ನು ಬಿಟ್ಟು ಮೂರನೆಯದನ್ನು ಉಳಿಸಿರಲಿಲ್ಲ. ನಾನು ಪಿಕಪ್ಪಿನ ಬಾಗಿಲು ತೆರೆದು ನಡುವಿನ ಸೀಟಿಗೆ ಸರಿದು ಕುಳಿತೆ. ಊರಿನ ಕಡೆ ಹೊರಟೆವು.

ಮರುದಿನ ಮಧ್ಯಾಹ್ನ ಜೀಪು ಮನೆಯ ಮುಂದೆ ಇರಲಿಲ್ಲ. ಅಮ್ಮ ಹೊಳೆಯ ಕಡೆ ಕೈ ತೋರಿದಳು.

ಅದು ಹೆಸರಿಗೆ ಹೊಳೆ. ಮರಳು ತುಂಬಿಕೊಂಡು ಹೋದವರು ಒಂದು ಬದಿಯಲ್ಲಿ ಬಿಟ್ಟುಹೋದ ಒಂದೇ ಒಂದು ದಿಬ್ಬದ ನಡುವೆ ಜೀಪು ನಿಂತಿತ್ತು. ಹಿಂದೆ ಅಂಕುಡೊಂಕಾದ ಗೆರೆಗಳು. ತಂಗಿ ಅದನ್ನು ಇಳಿಸಲು ನೋಡಿ, ಅಡ್ಡವಾಗಿ, ಹೆದರಿ ನಿಲ್ಲಿಸಿದ್ದಳು. ಅವಳ ಗಂಡ ದೂರದಲ್ಲಿ ಬೆನ್ನು ಮಾಡಿ ಕುಕ್ಕರುಗಾಲಲ್ಲಿ ಕೂತಿದ್ದ.

ನಾನು ಜೀಪು ಹತ್ತಿದೆ. ಯೋಚಿಸಿ ಹತ್ತಿದೆನೆಂದು ಹೇಳಲಾರೆ. ಅವಳ ಪಕ್ಕದ ಸೀಟಿನಲ್ಲಿ ಮಂಡಿಯೂರಿ, ಹಿಂದಕ್ಕೆ ಮುಖ ಮಾಡಿ ಕುಳಿತೆ.

"ಏನು ಮಾಡ್ತಿದೀಯ?"

"ಹಿಂದೆ ನೋಡ್ತಿದೀನಿ. ನೀನು ಬಿಡು."

ಮೊದಲ ಸಲ ನಾನು, ಹಿಂದಿನ ಚಕ್ರ ಹಳೆಯ ಗೆರೆಯಿಂದ ಸ್ವಲ್ಪ ಹೊರಗೆ ಹೋಗುತ್ತಿರುವಂತೆ ಕಾಣುತ್ತದೆ ಎಂದು ಹೇಳಿ ಮುಗಿಸುವಷ್ಟರಲ್ಲಿ ಜೀಪು ಅಡ್ಡವಾಗಿ ನಿಂತಿತ್ತು.

"ಭಾಷಣ ಬೇಡ್ವೇ ಮಾರಾಯ್ತಿ! ಎಡ, ಬಲ. ಅಷ್ಟೇ ಹೇಳು."

ಎಡ ಎಂದೆ. ಹಿಂದಕ್ಕೆ ತಿರುಗಿ ಕುಳಿತ ನನ್ನ ಎಡ ಅವಳ ಬಲವಾಗಿತ್ತು. ಜೀಪು ಒಂದು ಬದಿಗೆ ವಾಲಿತು. ತಂಗಿ ಬೈದಳು, ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸಿದಳು. ಆಗ ನಾನು ಮಾತನ್ನೇ ಬಿಟ್ಟೆ. ಅವಳ ಕತ್ತಿನ ಹಿಂದೆ ಕೈ ಹಾಸಿ, ಎರಡು ಭುಜಗಳ ಮೇಲೂ ಅಂಗೈಯ ಭಾರ ಇಟ್ಟೆ. ಯಾವ ಕಡೆ ಹೋಗಬೇಕೋ ಆ ಭುಜವನ್ನು ಒತ್ತಿದೆ. ನನ್ನ ಕೈ ಕೆಳಗೆ ಅವಳ ಕತ್ತು ಒಣಗಿದ ಜಾಲಿಯ ಬೊಡ್ಡೆಯಂತಿತ್ತು. ಅದು ಅಷ್ಟು ಗಟ್ಟಿಯಾಗಿದೆಯೆಂದು, ಇಷ್ಟು ವರ್ಷ ಇದೇ ರೋಗದ ಬಗ್ಗೆ ಮಾತಾಡಿದ ನನಗೆ ಗೊತ್ತಿರಲಿಲ್ಲ.

ಹತ್ತಿದೆವು, ನಿಂತೆವು, ಇಳಿದೆವು. ಮತ್ತೆ ಅಡ್ಡವಾಯಿತು. ಮತ್ತೆ ಹತ್ತಿದೆವು. ಎಷ್ಟು ಸಲವೆಂದು ಎಣಿಸಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಒಂದು ಸಲ, ಬಂದ ಗೆರೆಯ ಮೇಲೆಯೇ ಗೆರೆ ಬಿದ್ದು, ಜೀಪು ದಿಬ್ಬದ ಬುಡಕ್ಕೆ ನೆಟ್ಟಗೆ ಬಂದು ನಿಂತಿತು. ತಂಗಿಯ ಗಂಡ ಯಾವಾಗ ಎದ್ದು ಬಂದಿದ್ದನೋ, ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದ.

"ಅತ್ತಿಗೆ, ಅಲ್ಲೂ ನೀವು ಈ ಸೀಟಲ್ಲೇ ಕೂರ್ತೀರಾ?"

"ಕೂರ್ತೀನಿ."

"ಉರುಳಿದ್ರೆ?"

ನಾನು ಅದೇ ಸೀಟಿನಲ್ಲಿ ಇನ್ನಷ್ಟು ಊರಿ ಕುಳಿತೆ. ಅವನು ಮುಖ ಒರೆಸಿಕೊಂಡು, ಸಂಕ್ರಾಂತಿಯವರೆಗೆ ಕಾಯುವುದು ಬೇಡ, ಶನಿವಾರದ ಲೋಡನ್ನು ಬೇರೆಯವರಿಗೆ ಒಪ್ಪಿಸಿ ಸೋಮವಾರ ಹೊರಡೋಣ ಎಂದ.

ತಂಗಿ ಇಂಜಿನ್ ನಿಲ್ಲಿಸಿದ್ದಳು. ಆದರೆ ಇಳಿಯುತ್ತಿರಲಿಲ್ಲ. ಸ್ಟೇರಿಂಗಿನ ಮೇಲಿದ್ದ ಅವಳ ಬೆರಳುಗಳು ಬಿಗಿದುಕೊಂಡು, ಬಿಚ್ಚಲು ಬಾರದೆ ಹಾಗೆಯೇ ನಿಂತಿದ್ದವು. ಅವಳು ಅವನ್ನೇ ನೋಡುತ್ತಿದ್ದಳು.

"ಸೋಮವಾರ ಬೇಡ," ಎಂದಳು. "ನಾಳೆ."

ನಾನೂ ಅವಳ ಗಂಡನೂ ಎರಡು ಕಡೆಯಿಂದ ಬಗ್ಗಿ, ಒಂದೊಂದೇ ಬೆರಳನ್ನು ಬಿಡಿಸತೊಡಗಿದೆವು.